ಇಲ್ಲಕ್ಕನ ಕಪಾಟು

ನಮ್ಮ ಚಿಕ್ಕಮ್ಮನ ಮನೆಗೆ ಹೋದವರು ಗರಿಗರಿಯಾದ ಬಿಸ್ಕತ್ತು ತಿಂದದ್ದು ನನಗೆ ನೆನಪಿಲ್ಲ. ಹೊಸ ಪೊಟ್ಟಣ ಬಂದ ದಿನವೇ ಮಂಚದ ಕೆಳಗಿನ ಪೆಟ್ಟಿಗೆ ಸೇರುತ್ತಿತ್ತು. ಅಲ್ಲಿಂದ ಹಳೆಯ ಪೊಟ್ಟಣ, ಮೆತ್ತಗಾಗಿ, ಸೋಪಿನ ವಾಸನೆ ಹಿಡಿದು ತಟ್ಟೆಗೆ ಬರುತ್ತಿತ್ತು. ಆ ಪೆಟ್ಟಿಗೆಯಲ್ಲಿ ಸೋಪು, ಮೇಣದಬತ್ತಿ, ಬಲ್ಬು, ಉಪ್ಪು, ಕಿತ್ತುಹೋದ ಚಪ್ಪಲಿಯ ಬಾರು ಎಲ್ಲ ಇದ್ದವು.

“ಇರ್ಲಿ, ಕಷ್ಟಕ್ಕಾಗತ್ತೆ” ಎನ್ನುತ್ತಿದ್ದಳು ಚಿಕ್ಕಮ್ಮ.

“ಈ ಬಿಸ್ಕತ್ತು ತಿನ್ನೋದಕ್ಕಿಂತ ಬೇರೆ ಕಷ್ಟ ಇನ್ನೇನಿದೆ” ಎಂದು ಚಿಕ್ಕಪ್ಪ ಗೊಣಗುತ್ತಿದ್ದರು, ಅವಳಿಗೆ ಕೇಳಿಸುವಷ್ಟು ಜೋರಾಗಿ.

ಚಿಕ್ಕಮ್ಮನ ಕೆಲಸ ಊರಿನ ಆರೋಗ್ಯ ಕೇಂದ್ರದ ಔಷಧಿ ಉಗ್ರಾಣದಲ್ಲಿ. ಉಗ್ರಾಣವೆಂದರೆ ಭಾರಿ ಕಟ್ಟಡವೇನೂ ಅಲ್ಲ, ಒಂದೇ ಕೋಣೆ. ಗೋಡೆಗೆಲ್ಲ ಕಬ್ಬಿಣದ ಹಲಗೆ, ಮುಂದೊಂದು ಕಿಟಕಿ. ಕಿಟಕಿಯ ಕಟ್ಟೆ ರೋಗಿಗಳ ಮೊಣಕೈ ಉಜ್ಜಿ ಉಜ್ಜಿ ನುಣುಪಾಗಿತ್ತು. ಅಲ್ಲಿ ನಿಂತು ಅವಳು ಆಡಿದ ಮಾತುಗಳಲ್ಲಿ ಮುಕ್ಕಾಲು ಪಾಲು “ಇಲ್ಲ” ಎಂಬುದೇ. ಕೆಮ್ಮಿನ ಔಷಧಿ ಇಲ್ಲ, ಮುಲಾಮು ಇಲ್ಲ, ಈ ವಾರ ಇಲ್ಲ. ಹಾಗಾಗಿ ಜನ ಅವಳಿಗೆ ಇಲ್ಲಕ್ಕ ಎಂದು ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. “ಇಲ್ಲದ್ದನ್ನ ಇದೆ ಅನ್ನಕ್ಕಾಗತ್ತಾ?” ಎಂದು ಸುಮ್ಮನಾಗಿದ್ದಳು.

ಆದರೆ ನಿಜ ಏನೆಂದರೆ, ಇರುತ್ತಿತ್ತು. ಹತ್ತಿಯ ಸುರುಳಿಗಳನ್ನು ಪೇರಿಸಿಟ್ಟ ಮೂಲೆಯ ಹಿಂದೆ ಒಂದು ಕಪಾಟಿತ್ತು. ಪ್ರತಿ ಸಲ ಸರಕು ಬಂದಾಗಲೂ ಎರಡು ಮೂರು ಡಬ್ಬ ಸದ್ದಿಲ್ಲದೆ ಅದರೊಳಗೆ ಹೋಗುತ್ತಿದ್ದವು. ತಿಂಗಳ ವರದಿಯಲ್ಲಿ ಅವುಗಳ ಸುಳಿವೇ ಇರುತ್ತಿರಲಿಲ್ಲ. ಒಂದು ಗುಳಿಗೆಯನ್ನೂ ಮಾರಿದವಳಲ್ಲ, ಮನೆಗೆ ತಂದವಳೂ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿ ಜ್ವರದಿಂದ ಕೆಂಡವಾಗಿದ್ದ ಮಗುವನ್ನು ಎತ್ತಿಕೊಂಡು ಬಂದಿದ್ದಳಂತೆ. ಹಲಗೆ ಖಾಲಿ. “ಇಲ್ಲ” ಎಂದಾಗ ಆ ತಾಯಿ ಜಗಳ ಮಾಡಲಿಲ್ಲ, ಅಳಲೂ ಇಲ್ಲ, ತಿರುಗಿ ನಡೆದುಬಿಟ್ಟಳು. ಪಟ್ಟಣದ ಆಸ್ಪತ್ರೆಯಲ್ಲಿ ಮಗು ಬದುಕಿತು. ಚಿಕ್ಕಮ್ಮನಿಗೆ ಮಾತ್ರ ಆ ತಾಯಿಯ ಬೆನ್ನು ಮರೆಯಲಾಗಲಿಲ್ಲ. ಕಪಾಟು ಶುರುವಾದದ್ದು ಅಲ್ಲಿಂದ.

ಅವಳೊಬ್ಬಳೇ ಹೀಗಿದ್ದಿದ್ದರೆ ಲೋಕಕ್ಕೇನೂ ನಷ್ಟವಿರಲಿಲ್ಲ. ಸುತ್ತಮುತ್ತಲಿನ ಎಲ್ಲ ಕೇಂದ್ರಗಳದ್ದೂ ಇದೇ ಹಾಡು. ಜಿಲ್ಲೆಯ ದೊಡ್ಡ ಉಗ್ರಾಣದವರು ಕೇಳಿದ್ದರಲ್ಲಿ ಅರ್ಧ ಕೊಡುತ್ತಾರೆಂದು ಇವರು ಎರಡರಷ್ಟು ಕೇಳುವುದು. ಇವರು ಎರಡರಷ್ಟು ಕೇಳುತ್ತಾರೆಂದು ಅವರು ಅರ್ಧ ಕೊಡುವುದು. ಯಾವ ಊರಿಗೆ ನಿಜಕ್ಕೂ ಎಷ್ಟು ಬೇಕು ಎಂಬುದು ಕೊಡುವವರಿಗೂ ಗೊತ್ತಿಲ್ಲ, ಕೇಳುವವರಿಗೂ ಮರೆತುಹೋಗಿದೆ. ಇದನ್ನು ಕೇಳಿದಾಗ ನನಗೆ ಮೊದಲು ನಗು ಬಂದಿತ್ತು. ಒಬ್ಬ ಟೈಲರ್ ಹುಡುಗಿಯ ವಿಷಯ ತಿಳಿದ ಮೇಲೆ ನಗು ನಿಂತುಹೋಯಿತು.

ಬಸ್ ನಿಲ್ದಾಣದ ಎದುರು ಅವಳದೊಂದು ಪುಟ್ಟ ಹೊಲಿಗೆ ಅಂಗಡಿ. ಸಣ್ಣವಳಿದ್ದಾಗಿನಿಂದ ಮೂರ್ಛೆ ರೋಗ. ಎಲ್ಲೆಂದರಲ್ಲಿ ಬಿದ್ದುಬಿಡುತ್ತಿದ್ದಳು. ಕೇಂದ್ರದ ಡಾಕ್ಟರು ಮಾತ್ರೆ ಶುರು ಮಾಡಿದ ಮೇಲೆ ಒಮ್ಮೆಯೂ ಬಿದ್ದಿರಲಿಲ್ಲ. ಆ ಧೈರ್ಯದಲ್ಲೇ ಹೊಲಿಗೆ ಯಂತ್ರ ಕೊಂಡಿದ್ದಳು, ಇಸ್ತ್ರಿಪೆಟ್ಟಿಗೆ ಇಟ್ಟಿದ್ದಳು. ಒಂದು ದಿನವೂ ಮಾತ್ರೆ ತಪ್ಪಿಸಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಒಂದು ಬೆಳಿಗ್ಗೆ ಅವಳು ಕಿಟಕಿಗೆ ಬಂದಳು. ಹಲಗೆಯ ಮೇಲೆ ಆ ಮಾತ್ರೆ ಮುಗಿದಿತ್ತು, ಜಿಲ್ಲೆಯಿಂದ ಗಾಡಿ ಬಂದಿರಲಿಲ್ಲ. “ಸ್ವಲ್ಪ ಕೂತ್ಕೋ” ಎಂದು ಹೇಳಿ ಚಿಕ್ಕಮ್ಮ ಹತ್ತಿಯ ಹಿಂದಕ್ಕೆ ಹೋದಳು. ಹೋಗುವಾಗ ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತಂತೆ. ಇಂಥ ದಿನಕ್ಕೆಂದೇ ಅಲ್ಲವೇ ಇಷ್ಟು ವರ್ಷ ಬೈಸಿಕೊಂಡು ಎತ್ತಿಟ್ಟದ್ದು. ಡಬ್ಬ ತೆಗೆದಳು. ತಾರೀಖು ದಾಟಿತ್ತು. ಇನ್ನೊಂದು ತೆಗೆದಳು, ಅದೂ ಅಷ್ಟೆ. ಆ ಮಾತ್ರೆಯ ಒಂದು ಡಬ್ಬವೂ ಕೊಡುವಂತಿರಲಿಲ್ಲ. ತೆಗೆದ ಡಬ್ಬಗಳನ್ನು ಕಪಾಟಿಗೇ ತಳ್ಳಿ ಬಾಗಿಲು ಹಾಕಿದಳು.

ಹೊರಗೆ ಬಂದು, “ನಾಳೆ ನಾನೇ ಅಂಗಡಿಗೆ ತಂದ್ಕೊಡ್ತೀನಿ. ಮನೇಲಿ ಇನ್ನೂ ಇದೆಯಾ?” ಎಂದು ಕೇಳಿದಳು.

“ಇದೆ ಅಕ್ಕ. ಸ್ವಲ್ಪ ಇದೆ” ಎಂದ ಹುಡುಗಿ ತಲೆ ತಗ್ಗಿಸಿಕೊಂಡೇ ಹೊರಟುಹೋದಳು. ಎಡಗೈಯನ್ನು ದುಪಟ್ಟದೊಳಗೆ ಮುಚ್ಚಿಟ್ಟುಕೊಂಡಿದ್ದಳು. ಅದು ಚಿಕ್ಕಮ್ಮನ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಜಿಲ್ಲೆಗೆ ಫೋನ್ ಮಾಡಿದರೆ, ಮುಂದಿನ ಗಾಡಿಗೆ ಹಾಕುತ್ತೇವೆ ಎಂಬ ಉತ್ತರ ಬಂತು. ಮುಂದಿನ ಗಾಡಿ ಯಾವಾಗ ಎಂದು ಅವರಿಗೂ ಗೊತ್ತಿರಲಿಲ್ಲ. ಪಕ್ಕದೂರಿನ ಕೇಂದ್ರದ ಉಗ್ರಾಣದಲ್ಲಿ ಒಬ್ಬರಿದ್ದರು. ಎಲ್ಲರೂ ಅವರನ್ನು ಮೀಸೆಯಣ್ಣ ಎನ್ನುತ್ತಿದ್ದರು. ಮನುಷ್ಯ ಕಾಣುವ ಮೊದಲೇ ಮೀಸೆ ಕಾಣುತ್ತಿತ್ತು. ಚಿಕ್ಕಮ್ಮ ಅವರಿಗೆ ಫೋನ್ ಮಾಡಿದಳು.

“ಇಲ್ಲಮ್ಮ, ನಮ್ಮಲ್ಲೂ ಖಾಲಿ” ಎಂದರು ಅವರು. ಯಾವ ಮಾತ್ರೆ ಎಂದು ಇವಳು ಪೂರ್ತಿ ಹೇಳಿ ಮುಗಿಸಿರಲೂ ಇಲ್ಲ.

ಹಲಗೆಯ ಕಡೆ ತಿರುಗಿಯೂ ನೋಡದೆ ಹೇಳುವ ಆ “ಇಲ್ಲ” ಚಿಕ್ಕಮ್ಮನಿಗೆ ಹೊಸದಲ್ಲ. ತನ್ನ ಬಾಯಿಂದಲೇ ಅದು ಅದೆಷ್ಟು ಸಲ ಬಂದಿತ್ತೋ.

“ಅಣ್ಣ, ನನ್ನ ಹತ್ರ ಇತ್ತು” ಎಂದಳು. “ಯಾರಿಗೂ ಹೇಳದೆ ಬಚ್ಚಿಟ್ಟಿದ್ದೆ. ಈಗ ತೆಗೆದು ನೋಡಿದ್ರೆ ಅಷ್ಟಕ್ಕೂ ತಾರೀಖು ಮುಗಿದಿದೆ. ನಿಮ್ಮ ಹತ್ರ ಇದೆಯೋ ಇಲ್ವೋ ನಾನು ಕೇಳಲ್ಲ. ಇದ್ರೆ, ಹೋಗಿ ತಾರೀಖು ನೋಡಿ.”

ಆ ಕಡೆಯಿಂದ ಕುರ್ಚಿ ಎಳೆದ ಸದ್ದು, ಬೀಗದ ಕೈ ಗೊಂಚಲಿನ ಸದ್ದು. ವಾಪಸ್ ಬಂದಾಗ ಮೀಸೆಯಣ್ಣನ ದನಿ ತಗ್ಗಿತ್ತು.

“ಇನ್ನೂ ಸ್ವಲ್ಪ ದಿನ ಇದೆ. ಇನ್ನೆರಡು ತಿಂಗಳು ಬಿಟ್ಟಿದ್ರೆ ನನ್ನದೂ ನಿನ್ನ ಕಥೇನೇ ಆಗ್ತಿತ್ತು. ಎಷ್ಟು ಬೇಕು ಹೇಳು.”

ಡಾಕ್ಟರಿಂದ ಒಪ್ಪಿಗೆ ಬರೆಸಿಕೊಂಡದ್ದಾಯಿತು. ಲಸಿಕೆ ಗಾಡಿಯ ಡ್ರೈವರ್ ಆ ದಾರಿಯಲ್ಲಿ ವಾರವಿಡೀ ಓಡಾಡುವವನು. ಮಾರನೆಯ ದಿನ ಮಧ್ಯಾಹ್ನ ಡಬ್ಬಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, “ನಿಮಗೂ ಮೀಸೆಯಣ್ಣಂಗೂ ಮಾತುಕತೆ ಇಲ್ಲ ಅಂದ್ಕೊಂಡಿದ್ದೆ” ಎಂದ. “ಇರಲಿಲ್ಲ ಕಣಪ್ಪ, ನಿನ್ನೆ ಶುರುವಾಯ್ತು” ಎಂದಳು ಚಿಕ್ಕಮ್ಮ.

ಮಾತ್ರೆ ಹಿಡಿದು ಅಂಗಡಿಗೆ ಹೋದಾಗ ಹುಡುಗಿ ಒಂದು ಅಂಗಿಗೆ ಕಾಜ ಹಾಕುತ್ತಿದ್ದಳು. ಎಡಗೈಗೆ ಮೊಣಕೈವರೆಗೂ ಬಟ್ಟೆ ಸುತ್ತಿತ್ತು.

“ಏನಾಯ್ತೇ ಇದು?”

“ಇಸ್ತ್ರಿಪೆಟ್ಟಿಗೆ ಅಕ್ಕ. ಮೊನ್ನೆ ಬಟ್ಟೆ ತೀಡ್ತಾ ಇದ್ದೆ. ಎಚ್ಚರ ಆದಾಗ ನೆಲದ ಮೇಲಿದ್ದೆ.”

“ಮಾತ್ರೆ ಇದೆ ಅಂದ್ಯಲ್ಲ?”

ಹುಡುಗಿ ಯಂತ್ರದ ಪಕ್ಕದ ಗುಂಡಿ ಡಬ್ಬಿಯನ್ನು ತೆಗೆದು ಮುಚ್ಚಳ ಬಿಚ್ಚಿದಳು. ಬಣ್ಣಬಣ್ಣದ ಗುಂಡಿಗಳ ನಡುವೆ ಒಂದು ಕಾಗದದ ಪೊಟ್ಟಣ, ಅದರೊಳಗೆ ಬ್ಲೇಡಿನಿಂದ ಕತ್ತರಿಸಿದ ಅರ್ಧರ್ಧ ಮಾತ್ರೆಗಳು.

“ದಿನಾ ಅರ್ಧ ನುಂಗಿ ಅರ್ಧ ಉಳಿಸ್ತಿದ್ದೆ” ಎಂದಳು. “ನೀವು ಯಾವಾಗ ಇಲ್ಲ ಅಂತೀರೋ ಅಂತ ಭಯ ಅಕ್ಕ. ಕಷ್ಟಕ್ಕಾಗತ್ತೆ ಅಂತ ಇಟ್ಕೊಂಡೆ.”

ಚಿಕ್ಕಮ್ಮ ಗಿರಾಕಿಗಳ ಬೆಂಚಿನ ಮೇಲೆ ಕೂತಳು. ಆಮೇಲೆ ಇದನ್ನು ನನಗೆ ಹೇಳುವಾಗ ಎಂದಳು, “ನನ್ನ ಮಾತೇ ಕಣೇ ಅದು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ನಾನು ಬಚ್ಚಿಟ್ಟೆ ಅಂತ ಅವಳೂ ಬಚ್ಚಿಟ್ಟಳು. ಕೈ ಸುಟ್ಟಿದ್ದು ಮಾತ್ರ ಅವಳದು.” ನಾನು ಸಮಾಧಾನ ಹೇಳಲು ಹೋಗಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು, ಅವಳನ್ನು ನೋಡಿ ನನಗೆ ಅಯ್ಯೋ ಅನಿಸಿದ್ದೂ ನಿಜ.

ಆ ವಾರವೇ ಡಾಕ್ಟರ ಕೋಣೆಯಲ್ಲಿ ಅಕ್ಕಪಕ್ಕದ ಕೇಂದ್ರಗಳ ಉಗ್ರಾಣದವರ ಸಭೆ. ಕರೆಸಿದ್ದು ಚಿಕ್ಕಮ್ಮನೇ. ಎಲ್ಲರೂ ಬಂದು ಚಹಾ ಕುಡಿದು, ತಮ್ಮಲ್ಲಿ ಏನೇನು ಇಲ್ಲ ಎಂದು ಹೇಳಿಕೊಂಡು ಎದ್ದೇಳುವವರಿದ್ದರು. ಅಷ್ಟರಲ್ಲಿ ಚಿಕ್ಕಮ್ಮ ಒಂದು ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲೆ ಸುರಿದಳು. ತಾರೀಖು ದಾಟಿದ ಔಷಧಿಗಳ ಗುಡ್ಡೆ.

“ಇದು ನನ್ನ ಕಪಾಟಿಂದು” ಎಂದಳು. “ಇಷ್ಟು ಹಾಳಾಗಿದೆ. ಇನ್ನೂ ಚೆನ್ನಾಗಿರೋದು ಗೋಡೆಗೆ ಬರೆದು ಹಾಕಿದೀನಿ. ಯಾರಿಗೆ ಏನು ಬೇಕೋ ನೋಡ್ಕೊಳ್ಳಿ.”

ಡಾಕ್ಟರು ಡಬ್ಬಗಳನ್ನು ನೋಡಿದರು, ಬೈಯಲಿಲ್ಲ. ಮೊದಲು ಬಾಯಿಬಿಟ್ಟವರು ಮೀಸೆಯಣ್ಣ. ಅವರ ಬೀರುವಿನ ಮೇಲಿನ ಸೂಟ್‌ಕೇಸಿನ ವಿಷಯ ಹೊರಬಿತ್ತು. ಆಮೇಲೆ ಒಬ್ಬರ ಹೆರಿಗೆ ಕೋಣೆಯ ಮಂಚದ ಕೆಳಗಿನದು, ಇನ್ನೊಬ್ಬರ ಕೆಟ್ಟುನಿಂತ ಫ್ರಿಜ್ಜಿನೊಳಗಿನದು. ಒಂದು ಕೇಂದ್ರದಲ್ಲಿ ಮುಲಾಮಿಗೆ ಜನ ಅಲೆಯುತ್ತಿದ್ದಾಗ ಇನ್ನೊಂದರಲ್ಲಿ ಮುಲಾಮು ಧೂಳು ತಿನ್ನುತ್ತಿತ್ತು. ಅಂದಿನಿಂದ ತಿಂಗಳಿಗೊಮ್ಮೆ ಕೂತು, ಎಷ್ಟು ಬಂತು, ಎಷ್ಟು ಖರ್ಚಾಯಿತು, ಯಾವುದರ ತಾರೀಖು ಹತ್ತಿರ ಬಂತು ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು, ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಲಸಿಕೆ ಗಾಡಿಯಲ್ಲಿ ಕಳಿಸುವುದು ಎಂದಾಯಿತು.

ಜಿಲ್ಲೆಯವರು ಶಭಾಷ್ ಎನ್ನಲಿಲ್ಲ. ಔಷಧಿ ಹಾಳಾದದ್ದಕ್ಕೆ ವಿವರಣೆ ಕೇಳಿ ಚಿಕ್ಕಮ್ಮನಿಗೆ ಖಾರವಾದ ಪತ್ರ ಬಂತು. ನಡೆದದ್ದನ್ನು ನಡೆದಂತೆ ಬರೆದು ಕಳಿಸಿದಳು. ತಿಂಗಳುಗಟ್ಟಲೆ ಅಷ್ಟೂ ಕೇಂದ್ರಗಳಿಂದ ನಿಜವಾದ ಲೆಕ್ಕ ಹೋಗತೊಡಗಿದ ಮೇಲೆ ಅರ್ಧ ಕತ್ತರಿಸುವುದು ತಾನಾಗಿ ನಿಂತಿತು. ಕತ್ತರಿಸಲು ಹೆಚ್ಚಿನದೇನೂ ಉಳಿದಿರಲಿಲ್ಲವಲ್ಲ.

ಆದರೆ ಟೈಲರ್ ಹುಡುಗಿ ಅಷ್ಟು ಸುಲಭಕ್ಕೆ ನಂಬಲಿಲ್ಲ. ಪ್ರತಿ ತಿಂಗಳೂ ಬರುವಳು, ಮಾತ್ರೆ ತೆಗೆದುಕೊಳ್ಳುವಳು. “ಇಡೀ ನುಂಗ್ತಿದ್ದೀಯಾ?” ಎಂದರೆ “ಹೂಂ ಅಕ್ಕ” ಎನ್ನುವಳು. ಚಿಕ್ಕಮ್ಮನಿಗೆ ಆ “ಹೂಂ” ಕೂಡ ಗೊತ್ತಿತ್ತು. ಒಂದು ದಿನ ಅವಳನ್ನು ಕೈ ಹಿಡಿದು ಒಳಗೇ ಕರೆದುಕೊಂಡು ಹೋದಳು. ಹಲಗೆ ತೋರಿಸಿದಳು, ಗೋಡೆಯ ಮೇಲಿನ ಲೆಕ್ಕ ಓದಿಸಿದಳು. ಹತ್ತಿಯ ಸುರುಳಿ ಸರಿಸಿ, ಬೀಗವಿಲ್ಲದ ಖಾಲಿ ಕಪಾಟನ್ನೂ ತೆರೆದು ತೋರಿಸಿದಳು.

“ಮುಂದಿನ ತಿಂಗಳಿಂದು ಈಗಲೇ ಇದೆ. ನಮ್ಮಲ್ಲಿ ಮುಗಿದ್ರೆ ಮೀಸೆಯಣ್ಣನ ಹತ್ರ ಇದೆ. ಇಲ್ಲದೇ ಹೋದ್ರೆ ಮೊದಲೇ ಹೇಳ್ತೀನಿ, ಕಿಟಕೀಲಿ ನಿಲ್ಲಿಸಿ ಹೇಳಲ್ಲ.”

ಮುಂದಿನ ತಿಂಗಳು ಬಂದಾಗ ಹುಡುಗಿ ಗುಂಡಿ ಡಬ್ಬಿಯನ್ನೇ ಹೊತ್ತು ತಂದಿದ್ದಳು. ಕಾಗದದ ಪೊಟ್ಟಣ ಬಿಚ್ಚಿ ಅರ್ಧ ಮಾತ್ರೆಗಳನ್ನೆಲ್ಲ ಆ ನುಣುಪಾದ ಕಟ್ಟೆಯ ಮೇಲೆ ಸುರಿದಳು. ಅಷ್ಟು ದಿನ ಉಳಿಸಿದ್ದು ಒಂದು ಬೊಗಸೆಯಷ್ಟಿತ್ತು.

“ಇವನ್ನ ಬಿಸಾಕಿ ಅಕ್ಕ. ನನಗೆ ಇನ್ನು ಬೇಡ.”

ಚಿಕ್ಕಮ್ಮ ಸರದಿಯಲ್ಲಿ ನಿಂತವರೆದುರೇ ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನೋಡಿ ಹುಡುಗಿಗೂ ಅಳು ಬಂತು. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, ಡಬ್ಬಿಯನ್ನು ಮಾತ್ರ ವಾಪಸ್ ತೆಗೆದುಕೊಂಡಳು. ಗುಂಡಿ ಹಾಕಿಡಲು ಅವಳಿಗೆ ಅದು ಬೇಕಿತ್ತು.