ಡ್ರೈವರ್ ಸೀಟಿನ ಕೌದಿ

ಮೊನ್ನೆ ಟ್ರಂಕಿನ ತಳದಲ್ಲಿ ಆ ಕೌದಿ ಸಿಕ್ಕಿತು. ಹೊದೆಯುವ ದೊಡ್ಡ ಕೌದಿಯಲ್ಲ. ತೊಟ್ಟಿಲ ಕೂಸಿಗೆ ಹೊಲಿಯುವಷ್ಟು ಅಳತೆಯದು, ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಒತ್ತೊತ್ತಾಗಿ ಹೊಲಿಗೆ ಹಾಕಿದ್ದು. ಬಿಸಿಲಿಗೆ ಹಾಕೋಣವೆಂದು ಕೊಡವಿದೆ. ಡಾಂಬರು ಗುಳಿಗೆಯ ವಾಸನೆಯ ಹಿಂದಿನಿಂದ ಇನ್ನೊಂದು ವಾಸನೆ ಬಂತು... ಪೆಟ್ರೋಲು, ಅದರ ಜೊತೆಗೆ ಕೊಬ್ಬರಿ ಎಣ್ಣೆ. ಇಷ್ಟು ವರ್ಷ ಉಳಿದೀತೇ? ನನ್ನ ಮೂಗಿನ ಭ್ರಮೆಯೂ ಇರಬಹುದು. ಆದರೆ ಅಷ್ಟಕ್ಕೇ ಅತ್ತೆ ಬಂದು ಪಕ್ಕದಲ್ಲಿ ನಿಂತಂತಾಯಿತು.

ಅತ್ತೆ ಅಂದರೆ ಅಪ್ಪನ ಅಕ್ಕ. ಗಿಡ್ಡ ಆಳು. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕಾರಿನ ಸೀಟಿನ ಮೇಲೆ ಹಾಕಿಕೊಂಡರೆ ಮಾತ್ರ ಅವಳಿಗೆ ರಸ್ತೆ ಕಾಣುತ್ತಿತ್ತು. ಎದುರಿಗೆ ಬರುವವರಿಗೆ ಅವಳ ಹಣೆ, ಸ್ಟೇರಿಂಗ್ ಹಿಡಿದ ಎರಡು ಕೈ, ಅಷ್ಟೇ. "ಡ್ರೈವರ್ ಇಲ್ಲದ ಗಾಡಿ ಬಂತು, ಸರೀರೆಪ್ಪೋ" ಎಂದು ಶಾಹಾಬಾದಿನ ಚಹಾದಂಗಡಿಯವರು ನಗುತ್ತಿದ್ದರು. ಅತ್ತೆ ಹಾರ್ನ್ ಒತ್ತಿ ಉತ್ತರ ಕೊಡುತ್ತಿದ್ದಳು.

ಮಾವನದು ಹಾಸುಗಲ್ಲಿನ ವ್ಯಾಪಾರ. ಗಾಡಿ ಕಲಿಸಿದವರೂ ಅವರೇ, ಖಣಿಯ ಹಿಂದಿನ ಬಯಲಿನಲ್ಲಿ, ರವಿವಾರ ರವಿವಾರ. ಅವರು ತೀರಿಕೊಂಡ ಮೇಲೆ ವ್ಯಾಪಾರವನ್ನು ಅತ್ತೆಯೇ ಹಿಡಿದಳು. ಬೆಳಿಗ್ಗೆ ಖಣಿಗೆ ಹೋಗಿ, ಕಲ್ಲನ್ನು ಬೆರಳಿನಿಂದ ಬಡಿದು ನೋಡಿ, ಒಳಗೆ ಬಿರುಕಿದ್ದರೆ ಬೇಡವೆಂದು ಬರುತ್ತಿದ್ದಳು. ನನಗೆ ಆಗ ಅದೇ ಊರಿನ ಶಾಲೆಯಲ್ಲಿ ಹೊಸ ನೌಕರಿ. ಇದ್ದದ್ದು ಅವಳ ಮನೆಯಲ್ಲೇ. ನನಗೂ ಗಾಡಿ ಕಲಿಸಲು ಶುರು ಮಾಡಿದ್ದಳು.

ಅವಳ ಪಾಠಗಳಲ್ಲಿ ಅರ್ಧ ಗಾಡಿ ಓಡಿಸುವುದು, ಇನ್ನರ್ಧ ಗಾಡಿ ಸಾಕುವುದು. ಕಲ್ಲಿನ ಚೂರು ಬಿದ್ದ ದಾರಿಯಲ್ಲಿ ಹಗುರಕ್ಕೆ ಹೋಗಬೇಕು, ಟೈರಿನ ಖರ್ಚು ಅಲ್ಲೇ ಇರುವುದು. ರಾತ್ರಿ ನಿಲ್ಲಿಸುವಾಗ ಇಳಿಜಾರಿಗೆ ಮುಖ ಮಾಡಿಸಬೇಕು. ಬೆಳಿಗ್ಗೆ ಬ್ಯಾಟರಿ ಮುನಿಸಿಕೊಂಡರೂ ಗಾಡಿ ತಾನೇ ಉರುಳಿ ಚಾಲೂ ಆಗುತ್ತದೆ. ಒಂದೇ ಕೆಲಸಕ್ಕೆ ಗಾಡಿ ತೆಗೆಯಬಾರದು, ನಾಲ್ಕು ಕೆಲಸ ಕೂಡಲಿ. ವಾಡಿಯ ಕಡೆ ಹೋದಾಗ ರೈಲ್ವೆ ಗೇಟು ಬಿದ್ದರೆ ಅವಳ ಕೈ ಮೊದಲು ಚಾವಿಗೆ ಹೋಗುತ್ತಿತ್ತು. "ಇಂಜಿನ್ ಆರಸವ್ವಾ. ನೀ ಪೆಟ್ರೋಲ್ ಸುಟ್ಟರ ರೈಲು ಲಗೂನ ಬರ್ತದೇನು?"

ಚಿತ್ತಾಪುರದಿಂದ ಅಪ್ಪ ಬಂದಾಗಲೆಲ್ಲ ಒಂದೇ ಮಾತು.

"ಅಕ್ಕಾ, ಕಾರು ಸಾಕೋದಂದ್ರ ಮನ್ಯಾಗ ಅಳಿಯನ್ನ ಇಟ್ಕೊಂಡಂಗ. ದುಡೀಲಿ ಬಿಡಲಿ, ಉಣ್ಣಾಕ ಹಾಕಬೇಕು."

"ಅಳಿಯ ಕರದಲ್ಲಿಗೆ ಬರ್ತಾನೇನು, ತಮ್ಮಾ? ಇದು ಬರ್ತದ."

ನಗುತ್ತಿದ್ದಳು, ನಿಜ. ಆದರೆ ಗಾಡಿ ಹೋದರೆ ಖಣಿ ದೂರವಾಗುತ್ತದೆ, ಖಣಿ ದೂರವಾದರೆ ತನಗೆ ಉಳಿಯುವುದು ಅಡುಗೆಮನೆಯ ಮೂಲೆ ಎಂದು ಅವಳಿಗೆ ಗೊತ್ತಿತ್ತು. ಅಪ್ಪನ ಚಿಂತೆ ಬೇರೆ. ಒಂಟಿ ಹೆಂಗಸು, ಒಂಟಿ ರಸ್ತೆ, ನಡುವೆ ಗಾಡಿ ಕೆಟ್ಟರೆ? ಕೊನೆಗೆ ದಸರೆಗೆ ಮುಂಚೆ ಅಪ್ಪನೇ ಗಾಡಿ ಕೊಳ್ಳಲು ಸೇಡಂನ ಒಬ್ಬ ಬಟ್ಟೆ ವ್ಯಾಪಾರಿಯನ್ನು ಕರೆತಂದ. ತಮ್ಮನ ಮಾತು ಮುರಿಯಲಾರದೆ ಅತ್ತೆ ಚಾವಿ ಕೊಟ್ಟಳು.

ಓಡಿಸಿ ನೋಡೋಣವೆಂದು ನಾಲ್ವರೂ ಚಿತ್ತಾಪುರದ ರಸ್ತೆ ಹಿಡಿದೆವು. ವ್ಯಾಪಾರಿ ಕೌದಿಯನ್ನು ಎತ್ತಿ ಹಿಂದಕ್ಕೆ ಒಗೆದು ತಾನು ಕುಳಿತ. ಪಕ್ಕದಲ್ಲಿ ಅಪ್ಪ, ಹಿಂದೆ ಅತ್ತೆ ಮತ್ತು ನಾನು. ಕೌದಿ ಅತ್ತೆಯ ತೊಡೆಯ ಮೇಲಿತ್ತು.

ಅದು ಉದ್ದಿನ ರಾಶಿಯ ಕಾಲ. ನಮ್ಮ ಕಡೆ ಬಳ್ಳಿಗಳನ್ನು ಕಿತ್ತು ತಂದು ಡಾಂಬರು ರಸ್ತೆಯ ಮೇಲೇ ಹರವುತ್ತಾರೆ. ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಅಂಥಲ್ಲಿ ಅತ್ತೆ ಯಾವಾಗಲೂ ಗಾಡಿ ನಿಲ್ಲಿಸಿ, "ಬಾಜೂಕ ಸರಸ್ರಿ" ಎಂದು ಕೇಳಿ, ದಾರಿ ಮಾಡಿಸಿಕೊಂಡು ಹೋಗುತ್ತಿದ್ದಳು. ನಮ್ಮ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ.

"ನಿಲ್ಸ್ರಿ, ಬಳ್ಳಿ ಸುತ್ಕೋತದ" ಎಂದಳು.

"ಲಾರಿ ಹೋಗ್ತಾವ್ರೀ ಅಕ್ಕಾರ, ಇದಕ್ಕೇನು" ಎಂದು ಅವನು ನುಗ್ಗಿಸಿದ.

ಕೆಳಗೆ ಕರಕರ ಸದ್ದು. ಆಮೇಲೆ ಸುಟ್ಟ ವಾಸನೆ... ಹೊಗೆ ಕಾಣುತ್ತಲೇ ವ್ಯಾಪಾರಿ ರಾಶಿಯ ನಟ್ಟನಡುವೆ ಬ್ರೇಕು ಒತ್ತಿ, ಬಾಗಿಲು ತೆರೆದು ಹಾರಿಕೊಂಡ. ನಾವೂ ಇಳಿದೆವು. ಸೈಲೆನ್ಸರಿಗೆ ಸುತ್ತಿದ್ದ ಬಳ್ಳಿ ಹೊಗೆಯಾಡುತ್ತಿತ್ತು. ಒಂದು ಕಿಡಿ ಕೆಳಗೆ ಬಿದ್ದರೆ ಗಾಡಿಯ ಜೊತೆ ಒಂದು ಮನೆಯ ವರ್ಷದ ಕಾಳೂ ಬೂದಿ. ರಾಶಿಯ ಒಡತಿ ಹೊಲದಿಂದ ಬಾಯಿ ಬಡಿದುಕೊಂಡು ಓಡಿಬರುತ್ತಿದ್ದಳು.

ಅತ್ತೆ ಆಗಲೇ ಡ್ರೈವರ್ ಸೀಟಿನಲ್ಲಿದ್ದಳು. ಕೌದಿಯಿಲ್ಲದೆ ಅವಳ ತಲೆಯೇ ಕಾಣುತ್ತಿರಲಿಲ್ಲ. "ತಮ್ಮಾ, ಮುಂದ ನಿಂತು ಕೈ ಮಾಡು, ನನಗ ದಾರಿ ಕಾಣವಲ್ದು!" ಅಪ್ಪ ಗಾಡಿಯ ಮುಂದೆ ಹಿಂದಕ್ಕೆ ಹೆಜ್ಜೆ ಇಡುತ್ತ ಕೈ ಮಾಡಿದ. ಡ್ರೈವರ್ ಇಲ್ಲದ ಗಾಡಿಯೊಂದು ಹೊಗೆ ಬಿಡುತ್ತ, ಮೆಲ್ಲಗೆ, ಒಂದೇ ಹದದಲ್ಲಿ ರಾಶಿ ದಾಟಿ ಬರಿಯ ರಸ್ತೆಗೆ ಬಂದು ನಿಂತಿತು. ರಾಶಿಯವಳು ಬುತ್ತಿಯ ಜೊತೆ ತಂದಿದ್ದ ಕೊಡದ ನೀರನ್ನು ಸುರುವಿದಳು. ಅವಳದೇ ಕುಡುಗೋಲು ಇಸಿದುಕೊಂಡು ಅತ್ತೆ ರಸ್ತೆಯ ಮೇಲೆ ಮಲಗಿ ಬಳ್ಳಿಯನ್ನೆಲ್ಲ ಕತ್ತರಿಸಿ ತೆಗೆದಳು.

"ಯಾವೂರಿನ ತಾಯೀನವ್ವಾ ನೀ? ನಮ್ಮ ಅನ್ನ ಉಳಿಸಿದಿ."

"ನಿನ್ನ ಅನ್ನಾನೂ ಉಳೀತು, ನನ್ನ ಅಳಿಯಾನೂ ಉಳಿದ" ಎಂದಳು ಅತ್ತೆ, ಮಸಿ ಹತ್ತಿದ ಮುಖದಲ್ಲಿ.

ವ್ಯಾಪಾರಿ ಧೂಳು ಝಾಡಿಸಿಕೊಳ್ಳುತ್ತ ಬಂದು, "ಹಂಗಾರ ವ್ಯಾಪಾರದ್ದು ಏನು ಮಾಡೂಣ್ರಿ?" ಎಂದು ಅಪ್ಪನನ್ನು ಕೇಳಿದ. ಅಪ್ಪ ಹಿಂದಿನ ಬಾಗಿಲು ತೆರೆದು ಕೌದಿ ತೆಗೆದ. ಎರಡು ಸಲ ಕೊಡವಿದ. ನಾಲ್ಕು ಮಡಿಕೆ ಮಾಡಿ, ಮೂಲೆಗೆ ಮೂಲೆ ಕೂಡಿಸಿ, ಡ್ರೈವರ್ ಸೀಟಿನ ಮೇಲೆ ಹಾಸಿದ.

"ಕುಂದ್ರಕ್ಕಾ" ಎಂದ. ಆಮೇಲೆ ವ್ಯಾಪಾರಿಯ ಕಡೆ ತಿರುಗಿ, "ನೀವು ಹಿಂದ ಕುಂದ್ರಿ. ನಿಮ್ಮನ್ನ ಸೇಡಂ ಮಟ ನಮ್ಮಕ್ಕ ಬಿಟ್ಟು ಬರ್ತಾಳ."

ಆ ದಿನ ಅತ್ತೆ ಸ್ಟೇರಿಂಗ್ ಹಿಡಿದು ಕುಳಿತ ಗತ್ತು... ಇಂದಿಗೂ ನನ್ನ ಬೆನ್ನು ತಾನೇ ನೆಟ್ಟಗಾಗುತ್ತದೆ. ಮುಂದೆ ಅದೇ ಗಾಡಿಯಲ್ಲಿ ಅಪ್ಪ ಬೀಗರೂರಿಗೆ ಹೋದರೆ, ಇಳಿಯುತ್ತಲೇ ಹೇಳುತ್ತಿದ್ದದ್ದು ಒಂದೇ: "ಓಡಿಸಿದಾಕಿ ನಮ್ಮಕ್ಕರೀ."

ಗಾಡಿ ಮುದಿಯಾಗಿ ಗುಜರಿಗೆ ಹೋಯಿತು. ಅಪ್ಪ ಹೋದ. ಅತ್ತೆಯೂ ಹೋದಳು, ಕೌದಿಯನ್ನು ನನಗೆ ಕೊಡಬೇಕೆಂದು ಹೇಳಿಯೇ ಹೋದಳು. ನಾನು ಎತ್ತರದ ಹೆಂಗಸು. ನಿನ್ನೆ ನನ್ನ ಕಾರಿನ ಸೀಟಿಗೆ ಹಾಕಿ ಕುಳಿತು ನೋಡಿದರೆ ತಲೆ ಮೇಲಕ್ಕೆ ತಾಗಿತು. ನಗು ಬಂತು, ಕಣ್ಣಿಗೆ ನೀರೂ ಬಂತು. ತೆಗೆದು ಪಕ್ಕದ ಸೀಟಿನ ಮೇಲೆ ಹಾಸಿ ಹೊರಟೆ. ವಾಡಿಯ ಹತ್ತಿರ ಗೇಟು ಬಿದ್ದಿತ್ತು. ಹಿಂದೆ ಮುಂದೆ ಎಲ್ಲರ ಇಂಜಿನ್ನೂ ಗುರುಗುಡುತ್ತಿತ್ತು.

ನಾನು ಚಾವಿ ತಿರುಗಿಸಿ ಆರಿಸಿದೆ. ರೈಲು ನಿಧಾನವಾಗಿಯೇ ಬಂತು.