ಮೂರು ಮಕ್ಕಳ ಬ್ಯಾಚುಲರ್

ಬಹರೈನಿನ ಗುದೈಬಿಯಾದಲ್ಲಿ ನನಗೊಬ್ಬ ಬ್ಯಾಚುಲರ್ ಗೆಳೆಯನಿದ್ದಾನೆ. ಹೆಸರು ಶೀನ. ಅವನಿಗೆ ಒಬ್ಬ ಹೆಂಡತಿ, ಮೂರು ಮಕ್ಕಳು.

ಗಾಬರಿಯಾಗಬೇಡಿ. ಹೆಂಡತಿಯನ್ನು ಕರೆಸಿಕೊಳ್ಳಲು ವೀಸಾ ಸಿಗದವರನ್ನೆಲ್ಲ ಇಲ್ಲಿ ನಾವು ಬ್ಯಾಚುಲರ್ ಅನ್ನುತ್ತೇವೆ. ಕರೆಸಿಕೊಂಡವರು ಫ್ಯಾಮಿಲಿ. (ಉಮ್ ಅಲ್ ಹಸ್ಸಮ್‌ನಲ್ಲಿರುವ ನಾನು ಫ್ಯಾಮಿಲಿ. ಒಬ್ಬನೇ ಅಂಗಡಿಗೆ ಹೋದರೂ ಫ್ಯಾಮಿಲಿಯೇ.) ನಮ್ಮ ಕನ್ನಡ ಸಂಘದ ಪಿಕ್‌ನಿಕ್ಕಿನಲ್ಲಿ ಫ್ಯಾಮಿಲಿಗಳು ನೆರಳಲ್ಲಿ ಕೂರುತ್ತವೆ, ಬ್ಯಾಚುಲರ್‌ಗಳು ಬಿರಿಯಾನಿಯ ಪಾತ್ರೆ ಹೊರುತ್ತಾರೆ. ಹೀಗೇ ಆಗಬೇಕೆಂದು ಯಾರೂ ಬರೆದಿಟ್ಟಿಲ್ಲ. ಆದರೂ ಎಲ್ಲರಿಗೂ ಬಾಯಿಪಾಠ.

ಈ ಸಲ ನಮ್ಮ ಸಂಘದ ಹಾಡಿನ ನಾಟಕವನ್ನು ಇಲ್ಲಿನ ಟೀವಿಯವರು ನೇರ ಪ್ರಸಾರ ಮಾಡಲು ಒಪ್ಪಿದರು. ಬರೆದವನೂ ನಾನೇ, ಆಡಿಸುವವನೂ ನಾನೇ. ರಾಜನ ಪಾತ್ರಕ್ಕೆ ಶೀನನನ್ನು ಆರಿಸಿದೆ. ಹಗಲೆಲ್ಲ ಗೋಡೌನಿನಲ್ಲಿ ಪೆಟ್ಟಿಗೆ ಜೋಡಿಸುವ ಆ ಮನುಷ್ಯ ಬಾಯಿ ತೆರೆದು ಹಾಡಿದರೆ ಹಾರ್ಮೋನಿಯಂನವನು ಬಾರಿಸುವುದನ್ನೇ ಮರೆಯುತ್ತಾನೆ. ರಾಣಿ, ಜಿಂಜ್ ಏರಿಯಾದ ವಸಂತಿಯಕ್ಕ. ಅವರಿಗೂ ಖುಷಿ, ಅವರ ಗಂಡನಿಗೂ ಖುಷಿ.

ಖುಷಿಯಾಗದಿದ್ದದ್ದು ಸಂಘದ ಅಭಿಮಾನಿಗಳಿಗೆ. ಯಾರಿಗೆ ಯಾವ ಪಾರ್ಟು ಎಂದು ಗೊತ್ತಾದ ದಿನವೇ ಫೋನ್ ಶುರು.

“ಎಂತ ಮಾರಾಯ್ರೆ, ವಸಂತಿಯಕ್ಕನ ಕೈ ಹಿಡ್ದು ಹಾಡ್ಲಿಕ್ಕೆ ಒಂದು ಬ್ಯಾಚುಲರಾ?”

“ಅವನಿಗೆ ಮೂರು ಮಕ್ಕಳುಂಟು,” ಎಂದೆ.

“ಅದು ಊರಲ್ಲಿ. ಇಲ್ಲಿ ಟೀವಿಯಲ್ಲಿ ಎಲ್ಲ ನೋಡ್ತಾರಲ್ಲ? ನಾಳೆ ನಮ್ಮ ಹೆಂಗಸರು ಸ್ಟೇಜಿಗೆ ಬರುದು ಹೇಗೆ?”

ಇನ್ನೊಬ್ಬರು ಪಾಸ್ ವಾಪಸ್ ಕೊಡುತ್ತೇನೆಂದು ಹೆದರಿಸಿದರು. (ಅದು ಪುಕ್ಕಟೆ ಪಾಸು.) ಮತ್ತೊಬ್ಬರು, ನೇರ ಪ್ರಸಾರದಲ್ಲಿ ನಮ್ಮವರ ಮಾನ ಹೋಗುತ್ತದೆ ಎಂದರು. ಚೆನ್ನಾಗಿ ಹಾಡಿದರೆ ಮಾನ ಹೇಗೆ ಹೋಗುತ್ತದೆ? ಕೇಳಬೇಕಿತ್ತು. ಕೇಳಲಿಲ್ಲ. ಮುಂದಿನ ವರ್ಷವೂ ನಾಟಕ ಆಡಿಸುವ ಆಸೆ ನನಗಿತ್ತು.

ರಾಜನ ಪಾರ್ಟು ಒಬ್ಬ ಮ್ಯಾನೇಜರ್ ಸಾಹೇಬರಿಗೆ ಹೋಯಿತು. ಫ್ಯಾಮಿಲಿ ಇದೆ, ಕಾರಿದೆ, ಶ್ರುತಿ ಮಾತ್ರ ಇಲ್ಲ. ಶೀನನಿಗೆ ಋಷಿಯ ಪಾರ್ಟು ಕೊಟ್ಟೆ. ನನ್ನ ಋಷಿಗೆ ಹೆಂಡತಿಯಿಲ್ಲ, ಹಾಗಾಗಿ ಯಾರ ತಕರಾರೂ ಇರುವುದಿಲ್ಲ. ನನ್ನ ಜಾಣತನ ನೋಡಿ!

ಹೇಳಲು ಅವನ ರೂಮಿಗೆ ಹೋದೆ. ಆರು ಮಂಚಗಳ ರೂಮು. ಬೇಸರ ಮಾಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಇಷ್ಟೇ.

“ಋಷಿಗೆ ಗಡ್ಡ ಬೇಕೇ ಬೇಕಾ ಮಾಸ್ಟ್ರೆ?”

“ಗಡ್ಡ ಇಲ್ಲದ ಋಷಿಯನ್ನು ಯಾರು ನಂಬ್ತಾರೆ ಮಾರಾಯ?”

“ಹಾಗಲ್ಲ. ಸಣ್ಣವಳು ನಾನಿಲ್ಲಿಗೆ ಬಂದ ಮೇಲೆ ಹುಟ್ಟಿದ್ದು. ನನ್ನ ಮುಖ ನೋಡ್ಲೇ ಇಲ್ಲ. ನಾಟಕದ ವಿಡಿಯೋ ಕ್ಯಾಸೆಟ್ ಕಳಿಸ್ತೇನೆ, ಕಿರೀಟ ಹಾಕಿದವ್ನೇ ಅಪ್ಪ ಅಂತ ಹೇಳಿಕೊಡು ಅಂತ ಹೆಂಡತಿಗೆ ಬರ್ದಿದ್ದೆ.” ಚಹಾದ ಲೋಟ ನನ್ನ ಮುಂದಿಟ್ಟ. “ಹೋಗ್ಲಿ ಬಿಡಿ. ಇನ್ನೊಂದು ಕಾಗದ ಬರೀತೇನೆ.”

ಆಗಲಾದರೂ ನಾನು ಮನಸ್ಸು ಬದಲಿಸಬಹುದಿತ್ತು. ಗಡ್ಡ ಚಿಕ್ಕದು ಮಾಡಿಸುತ್ತೇನೆ ಎಂದು ಹೇಳಿ, ಅವನು ಕೊಟ್ಟ ಚಹಾ ಕುಡಿದು ಎದ್ದು ಬಂದೆ. (ಅದನ್ನೂ ಮಾಡಿಸಲಿಲ್ಲ. ಮೇಕಪ್ಪಿನವನ ಬಳಿ ಇದ್ದದ್ದು ಒಂದೇ ಗಡ್ಡ, ಹೊಟ್ಟೆಯವರೆಗಿನದು.)

ನಾಟಕದ ದಿನ ರಾಜರು ಮೊದಲ ಹಾಡಿನಲ್ಲೇ ಮೇಲಿನ ಸ್ವರಕ್ಕೆ ಹತ್ತಿ ಇಳಿಯಲಾರದೆ ಸಿಕ್ಕಿಕೊಂಡರು. ನೇರ ಪ್ರಸಾರವಲ್ಲವೇ, ತಿದ್ದುವ ಹಾಗಿಲ್ಲ. ಮರುದಿನ ಮತ್ತೆ ಫೋನ್. ಅದೇ ಅಭಿಮಾನಿಗಳು.

“ಆ ಗಡ್ಡದವ್ರಿಗೇ ರಾಜನ ಪಾರ್ಟು ಕೊಡ್ಬಹುದಿತ್ತಲ್ಲ ಮಾರಾಯ್ರೆ? ನಿಮ್ಗೆ ಜನ ಆರಿಸ್ಲಿಕ್ಕೆ ಗೊತ್ತಿಲ್ಲ.”

ಇಂಥವರಿಗೆ ಏನು ಹೇಳುವುದು? ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಕಳೆದ ಶುಕ್ರವಾರ ಶೀನ ನಮ್ಮ ಮನೆಗೆ ಬಂದ. ಹೆಂಡತಿಯ ಕಾಗದ ಬಂದಿತ್ತು. ಓದಿ ಎಂದು ನನ್ನ ಕೈಗೇ ಕೊಟ್ಟ. ಪಕ್ಕದ ಮನೆಯ ವಿಸಿಆರ್‌ನಲ್ಲಿ ಕ್ಯಾಸೆಟ್ ಹಾಕಿ ಎಲ್ಲರೂ ಕೂತು ನಾಟಕ ನೋಡಿದರಂತೆ. ಶೀನನ ಎರಡನೇ ಕಾಗದವೂ ಅಷ್ಟರಲ್ಲಿ ತಲುಪಿತ್ತು. ಗಡ್ಡದವರೇ ಅಪ್ಪ ಎಂದು ಎಷ್ಟು ಹೇಳಿದರೂ ಮಗು ಕೇಳಲಿಲ್ಲವಂತೆ. ಗಡ್ಡದವನು ಬಂದರೆ ಹೆದರಿ ಅಳುತ್ತಾಳೆ. ಕಿರೀಟದವನು ಬಂದರೆ ಓಡಿ ಹೋಗಿ ಟೀವಿಗೆ ಕೈಯಿಟ್ಟು ‘ಅಪ್ಪ’ ಅನ್ನುತ್ತಾಳೆ. ತಿಂಗಳಿಡೀ ಹಾಗೆಂದೇ ಹೇಳಿಕೊಟ್ಟದ್ದಲ್ಲವೇ?

“ನಮ್ಮ ಕಂಪೆನಿಯಲ್ಲಿ ರಜೆ ಮೂರು ವರ್ಷಕ್ಕೊಮ್ಮೆ,” ಎಂದ ಶೀನ. “ಇನ್ನು ಎಂಟು ತಿಂಗಳುಂಟು.” ನಗಲು ನೋಡಿದ, ಆಗಲಿಲ್ಲ. ನಾನು ಕಾಗದವನ್ನು ಮಡಿಸುತ್ತಾ ಕೂತೆ. ನಾನು ಹೇಡಿ. ಅದನ್ನಾದರೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅಭಿಮಾನಿಗಳೇ, ರಾಜನನ್ನು ಬದಲಾಯಿಸಿ ಎಂದು ನೀವೆಲ್ಲ ನನಗೆ ಫೋನ್ ಮಾಡಿದಿರಿ. ಆ ಮಗುವಿನ ಅಪ್ಪನನ್ನು ಬದಲಾಯಿಸಲು ಈಗ ನಾನು ಯಾರಿಗೆ ಫೋನ್ ಮಾಡಲಿ?