ಮಹಜರಿಗೆ ಮೊದಲು ಬಂದ ಬಿಳಿ ಪಟ್ಟಿ

ಎರಡು ವಾರ ಈ ಅಂಕಣ ಬರಲಿಲ್ಲ. ಜ್ವರ ಅಂತ ಸಂಪಾದಕರಿಗೆ ಹೇಳಿದ್ದೆ. ನಿಮ್ಮಲ್ಲಿ ಕೆಲವರು ಪಾಪ, ಮೇಲ್ ಮಾಡಿ ವಿಚಾರಿಸಿದಿರಿ. ಒಬ್ಬರಂತೂ ಕಷಾಯದ ರೆಸಿಪಿಯನ್ನೇ ಕಳಿಸಿದರು. ಕ್ಷಮಿಸಿ. ಜ್ವರ ಇರಲಿಲ್ಲ. ನಿಮ್ಮೆದುರು ಬರಲು ಮುಖ ಇರಲಿಲ್ಲ.

ವಿಷಯ ಒಂದು ಹಂಪ್‌ನದು. ಮಲ್ಲತ್ತಹಳ್ಳಿಯ ನಮ್ಮ ಕ್ರಾಸ್‌ನಲ್ಲಿ, ನಮ್ಮ ಗೇಟಿನಿಂದ ಹತ್ತು ಹೆಜ್ಜೆ ದೂರದಲ್ಲಿದೆ. ಅದನ್ನು ಹಾಕಿದ್ದು ಪಾಲಿಕೆಯಲ್ಲ. ನಾವೇ.

ನಾವು ಅಂದರೆ ರಸ್ತೆಯವರು. ರಿಂಗ್ ರೋಡಿನ ಜಾಮ್ ತಪ್ಪಿಸಲು ಬೈಕಿನವರು ನಮ್ಮ ಕ್ರಾಸನ್ನು ಶಾರ್ಟ್‌ಕಟ್ ಮಾಡಿಕೊಂಡಿದ್ದರು. ಬೆಳಗ್ಗೆ ಹಾಲು ತರಲು ಹೋದ ಎದುರು ಮನೆಯ ಅಜ್ಜಿಗೆ ಒಬ್ಬ ಗುದ್ದಿ, ನಿಲ್ಲಿಸದೆ ಹೋದ. ಅವರ ಮಣಿಕಟ್ಟು ಮುರಿಯಿತು. ಹಂಪ್ ಹಾಕಿಸಿ ಅಂತ ಅರ್ಜಿ ಕೊಟ್ಟೆವು. ಮತ್ತೆ ಕೊಟ್ಟೆವು. (ಬರೆಯುವುದು ಯಾವಾಗಲೂ ನಾನೇ. ಅಂಕಣ ಬರೆಯುವವಳು ಅರ್ಜಿಯನ್ನೂ ಬರೆಯಲಿ ಅನ್ನುವುದು ನಮ್ಮ ರಸ್ತೆಯ ತೀರ್ಮಾನ.) ಉತ್ತರ ಬರಲಿಲ್ಲ.

ಅಷ್ಟರಲ್ಲಿ ಮೂಲೆಮನೆ ನಂಜುಂಡಣ್ಣ ತಮ್ಮ ಮೂರನೇ ಮಹಡಿಗೆ ಮೋಲ್ಡ್ ಹಾಕಿಸಿದರು. ನಂಜುಂಡಣ್ಣ ಈ ಊರಿನ ಹಳೆಯ ರೈತರ ಮನೆಯವರು. ಈಗ ನಮ್ಮ ಮನೆಗಳಿರುವ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ಹಾಗಾಗಿ ರಸ್ತೆಯ ಮೇಲೂ ಅವರಿಗೆ ಸ್ವಲ್ಪ ಸಲುಗೆ. ಆ ಭಾನುವಾರ ತಾರಸಿಯ ಕೆಲಸ ಮುಗಿದ ಮೇಲೆ ಒಂದಿಷ್ಟು ಕಾಂಕ್ರೀಟ್ ಉಳಿಯಿತು.

"ಸುಮ್ನೆ ವೇಸ್ಟ್ ಆಗೋಗತ್ತೆ ಮೇಡಂ. ಇಲ್ಲೇ ಒಂದು ಹಂಪ್ ಹಾಕಿಸ್ಬಿಡ್ಲಾ?" ಅಂತ ನಮ್ಮ ಗೇಟಿನ ಹತ್ತಿರ ಬಂದು ಕೇಳಿದರು.

ಬೇಡ ಅನ್ನಬಹುದಿತ್ತು. ನಾನೇನು ಮಾಡಿದೆ ಗೊತ್ತೇ? ಒಳಗಿಂದ ರಂಗೋಲಿ ಡಬ್ಬಿ ತಂದು ರಸ್ತೆಗೆ ಅಡ್ಡಲಾಗಿ ಎರಡು ಗೆರೆ ಎಳೆದುಕೊಟ್ಟೆ. ಇದರೊಳಗೆ ಹಾಕಿ ಅಂತ. ಮೇಸ್ತ್ರಿ ಕರಣೆ ಹಿಡಿದು ಮಟ್ಟ ಮಾಡುತ್ತಿದ್ದಾಗ, "ಇನ್ನೂ ಸ್ವಲ್ಪ ಎತ್ತರ ಇರ್ಲಿ, ಇಲ್ಲಾಂದ್ರೆ ಇವ್ರು ಸ್ಲೋ ಮಾಡಲ್ಲ" ಅಂದವಳೂ ನಾನೇ. ಮೇಸ್ತ್ರಿ ಏರಿಸಿದ. ಎಲ್ಲರೂ ಸುತ್ತ ನಿಂತು ಕಾಫಿ ಕುಡಿದೆವು. ಅಜ್ಜಿ ಕಟ್ಟು ಹಾಕಿದ ಕೈಯಲ್ಲೇ ನಮಸ್ಕಾರ ಮಾಡಿದರು. ಬಣ್ಣ? ಮುಂದಿನ ಭಾನುವಾರ ಹಚ್ಚಿದರಾಯಿತು ಅಂದುಕೊಂಡೆವು.

ಎರಡು ದಿನ ಅಡ್ಡ ಇಟ್ಟಿದ್ದ ಕಲ್ಲು, ಕೊಂಬೆಗಳನ್ನು ಮೂರನೇ ದಿನ ತೆಗೆದೆವು. ಮುಂದಿನ ಭಾನುವಾರ ಬಂತು. ನಂಜುಂಡಣ್ಣ ಮದುವೆಗೆ ಹೋಗಿದ್ದರು. ನನಗೆ ಡೆಡ್‌ಲೈನ್ ಇತ್ತು.

ಯಾವುದರ ಡೆಡ್‌ಲೈನ್ ಅಂತ ಕೇಳಿ. ಅಂಕಣದಿಂದ ಸಂಸಾರ ನಡೆಯುವುದಿಲ್ಲವಾದ್ದರಿಂದ ನಾನು ಅನುವಾದ ಮಾಡುತ್ತೇನೆ ಅನ್ನುವುದು ನಿಮಗೆ ಗೊತ್ತು. ಆಗ ನನ್ನ ಮೇಜಿನ ಮೇಲಿದ್ದದ್ದು ರಸ್ತೆ ಸುರಕ್ಷತೆಗಾಗಿ ದೇಶದೇಶಗಳು ಮಾಡಿಕೊಂಡಿರುವ ಒಪ್ಪಂದಗಳ ಬಗ್ಗೆ ಒಂದು ಕೈಪಿಡಿ! ಸಂಸ್ಥೆಯೊಂದು ಅದನ್ನು ಕನ್ನಡದಲ್ಲಿ ತರಬೇಕೆಂದಿತ್ತು. ಓದುತ್ತಾ ಓದುತ್ತಾ ನನಗೆ ಖುಷಿಯಾಗಿತ್ತು. ನೋಡಿ, ಒಬ್ಬರ ಮುಖ ಒಬ್ಬರು ನೋಡದ ದೇಶಗಳು ಕೂಡ ಈ ವಿಷಯಕ್ಕೆ ಒಂದೆಡೆ ಕೂತಿವೆ. ರಸ್ತೆ ಬದಿಯ ಚಿಹ್ನೆಗಳು ಹೇಗಿರಬೇಕು ಅಂತ ಮಾತಾಡಿ ಸಹಿ ಹಾಕಿವೆ. ಆ ಒಪ್ಪಂದದಲ್ಲಿ ನಮ್ಮ ದೇಶವೂ ಇದೆ. ಕೆಂಪು ಅಂಚಿನ ತ್ರಿಕೋನ, ಒಳಗೆ ಕಪ್ಪು ಉಬ್ಬು. ಆ ಊರಿನ ಭಾಷೆ ಬರದವನಿಗೂ, ಅಕ್ಷರವೇ ಬರದವನಿಗೂ ಅದು ಹೇಳುವುದು ಒಂದೇ: ಮುಂದೆ ಹಂಪ್ ಇದೆ, ನಿಧಾನಕ್ಕೆ ಹೋಗಪ್ಪಾ.

ಆ ಪುಟ ಮುಗಿಸಿ, ಚೆನ್ನಾಗಿ ಬಂದಿದೆ ಅಂತ ನನಗೆ ನಾನೇ ಶಭಾಷ್ ಹೇಳಿಕೊಂಡೆ. ಕಿಟಕಿಯಿಂದ ನೋಡಿದರೆ ನಮ್ಮ ಹಂಪ್ ಕಾಣುತ್ತಿತ್ತು. ಡಾಂಬರಿನ ಮೇಲೆ ಬೂದು ಬಣ್ಣದ ಕಾಂಕ್ರೀಟ್. ಧೂಳು ಕೂತು ರಸ್ತೆಯ ಬಣ್ಣಕ್ಕೇ ತಿರುಗಿತ್ತು. ನೋಡಿದೆ. ಏನೂ ಅನ್ನಿಸಲಿಲ್ಲ.

ಮಾರನೇ ದಿನ ಸಂಜೆ, ದೇವರಿಗೆ ದೀಪ ಹಚ್ಚುವ ಹೊತ್ತಿನಲ್ಲಿ, ಹೊರಗೆ ದಡ್ ಅಂತ ಶಬ್ದ. ಓಡಿದೆ.

ಗಂಡ ಹೆಂಡತಿ. ಬಸವರಾಜ, ಶಾಂತವ್ವ. ಹೆಸರು ಆಮೇಲೆ ಗೊತ್ತಾಗಿದ್ದು. ಗದಗದ ಕಡೆಯವರು. ಆತ ಪ್ಲಂಬರ್, ಆಕೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಮಲ್ಲತ್ತಹಳ್ಳಿ ಕೆರೆಯ ಆಚೆ ಬದಿ ಬಾಡಿಗೆಗೆ ಇದ್ದರು. ಜೋಳ ಬೀಸಿಸಿಕೊಂಡು ಸ್ಕೂಟರಿನಲ್ಲಿ ವಾಪಸ್ ಹೋಗುತ್ತಿದ್ದರು. ಶಾಂತವ್ವ ಒಂದೇ ಕಡೆ ಕಾಲು ಹಾಕಿ ಕೂತಿದ್ದರು. ತೊಡೆಯ ಮೇಲೆ ಹಿಟ್ಟಿನ ಡಬ್ಬಿ. ಎರಡೂ ಕೈ ಡಬ್ಬಿಯ ಮೇಲಿದ್ದರೆ ಗಾಡಿ ಹಿಡಿದುಕೊಳ್ಳುವುದು ಯಾವ ಕೈಯಲ್ಲಿ? ತಲೆಗೆ ಹೆಲ್ಮೆಟ್ ಇರಲಿಲ್ಲ, ನಿಜ. ಆದರೆ ಅವರನ್ನು ಬೀಳಿಸಿದ್ದು ನಮ್ಮ ಹಂಪ್. ತಲೆಯ ಹಿಂಭಾಗ ನೆಲಕ್ಕೆ ಬಡಿದಿತ್ತು.

ಗುಂಪು ಸೇರಿತು. ಒಬ್ಬರು ಬಾಯಿಗೆ ನೀರು ಬಿಡಲು ಬಂದರು. ಇನ್ನೊಬ್ಬರು "ಮುಟ್ಬೇಡಿ, ಪೊಲೀಸ್ ಕೇಸ್ ಆಗತ್ತೆ" ಅಂದರು. (ಗಾಯಾಳುವಿಗೆ ನೆರವಾದವರನ್ನು ಸತಾಯಿಸಬಾರದು ಅಂತ ಕಾನೂನಿದೆ. ಅದೂ ನನ್ನ ಕೈಪಿಡಿಯಲ್ಲಿತ್ತು.) ಯಾರ ಮಾತನ್ನೂ ಕೇಳದೆ ಕಾರು ತಂದವರು ನಂಜುಂಡಣ್ಣ. ಹಿಂದಿನ ಸೀಟಿನಲ್ಲಿ ಶಾಂತವ್ವನ ತಲೆ ನನ್ನ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ಬಸವರಾಜ "ಶಾಂತಾ, ಮಾತಾಡ, ಮಾತಾಡ" ಅನ್ನುತ್ತಲೇ ಇದ್ದರು.

ಮೂರನೇ ದಿನ ಆಕೆ ತೀರಿಕೊಂಡರು.

ಆದರೆ ನಾನು ಹೇಳಬೇಕಾದದ್ದು ನಡುವಿನ ದಿನದ ಕಥೆ. ಬಿದ್ದ ಮಾರನೇ ಬೆಳಗ್ಗೆ ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದೆ. 'ಇನ್ನೊಬ್ಬರು ಬೀಳುವ ಮೊದಲು ದಯವಿಟ್ಟು ಬಣ್ಣ ಹಚ್ಚಿಸೋಣ.' ಎಲ್ಲರೂ ಹೆಬ್ಬೆರಳು ಎತ್ತಿದರು. ನಂಜುಂಡಣ್ಣನ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಪೇಂಟರ್ ಬಂದು ಅರ್ಧ ಗಂಟೆಯಲ್ಲಿ ಬಿಳಿ ಪಟ್ಟಿ ಬಳಿದು ಹೋದ. ಅರ್ಧ ಗಂಟೆ. ಹತ್ತು ದಿನದಿಂದ ನಮ್ಮಲ್ಲಿ ಯಾರಿಗೂ ಸಿಗದಿದ್ದ ಅರ್ಧ ಗಂಟೆ.

ಮಧ್ಯಾಹ್ನ ಪೊಲೀಸರು ಬಂದರು. ಸ್ಥಳ ಮಹಜರು ಅಂದರೆ ಅಪಘಾತವಾದ ಜಾಗ ಹೇಗಿದೆ ಅಂತ ನೋಡಿ ಬರೆದುಕೊಳ್ಳುವುದು. ಅಳತೆ ಹಿಡಿದರು, ಫೋಟೋ ತೆಗೆದರು. ರಸ್ತೆಯ ಇಬ್ಬರ ಸಹಿ ಬೇಕು ಅಂದರು. ನಂಜುಂಡಣ್ಣ ಹಾಕಿದರು. ನಾನೂ ಹಾಕಿದೆ. ಓದಿಯೇ ಹಾಕಿದೆ. 'ಸದರಿ ಸ್ಥಳದಲ್ಲಿ ಬಿಳಿ ಪಟ್ಟಿ ಬಳಿದ ರಸ್ತೆ ಉಬ್ಬು ಇರುತ್ತದೆ.' ಸುಳ್ಳೇನಿದೆ? ಪಟ್ಟಿ ಇತ್ತಲ್ಲ. ಯಾವಾಗ ಬಳಿದದ್ದು ಅಂತ ಅವರು ಕೇಳಲಿಲ್ಲ. ನಾವು ಹೇಳಲಿಲ್ಲ.

ಯಾರನ್ನೋ ಸಿಕ್ಕಿಸಬೇಕು ಅಂತ ಸಹಿ ಹಾಕಿದೆನೇ? ಇಲ್ಲ. ಹೆದರಿದ್ದೆ, ಅಷ್ಟೇ. ಆದರೆ ಕಾಗದಕ್ಕೆ ಹೆದರಿಕೆ ಗಿದರಿಕೆ ಗೊತ್ತಾಗುವುದಿಲ್ಲ. ಪಟ್ಟಿ ಇದ್ದೂ ನೋಡದೆ, ಅಜಾಗರೂಕತೆಯಿಂದ ಗಾಡಿ ಓಡಿಸಿ ಹೆಂಡತಿಯ ಸಾವಿಗೆ ಕಾರಣನಾದ ಅಂತ ಬಸವರಾಜನ ಮೇಲೆಯೇ ಕೇಸಾಯಿತು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ನಾನು ಅವರ ಮನೆಗೆ ಹೋದೆ. ಒಂದೇ ರೂಮು. ಮಗಳು ಅಕ್ಷತಾ ನಾಲ್ಕನೇ ಕ್ಲಾಸು. ಮೂಲೆಯಲ್ಲಿ ಕೂತು ಹೋಂವರ್ಕ್ ಬರೆಯುತ್ತಿದ್ದಳು. ಕಾರಿನಲ್ಲಿ ಜೊತೆಗೆ ಬಂದ 'ಅಕ್ಕಾರು' ಅಂತ ಬಸವರಾಜ ನನಗೆ ಕುರ್ಚಿ ಹಾಕಿ, ತಾವು ನೆಲದ ಮೇಲೆ ಕೂತರು.

"ನಂದs ತಪ್ಪ್ರಿ ಅಕ್ಕಾರ" ಅಂದರು. "ಸ್ಟೇಷನ್ದಾಗ ಫೋಟೋ ತೋರಿಸಿದ್ರು. ಅಷ್ಟು ದಪ್ಪ ಬಿಳಿ ಪಟ್ಟಿ ಹೊಡದಾರ. ನನ್ನ ಕಣ್ಣಿಗೆ ಹೆಂಗ ಕಾಣ್ಲಿಲ್ಲ ಅಂತ... ದಿನಾ ವಿಚಾರ ಮಾಡ್ತೀನ್ರಿ. ಕಣ್ಣು ತೋರಿಸ್ಕೊಂಡ ಬಂದೆ. ಡಾಕ್ಟರ್ ಕಣ್ಣು ಚೊಲೋ ಅದಾವ ಅಂದ್ರು."

ಆಗಲೇ ಹೇಳಬೇಕಿತ್ತು. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಬಸವರಾಜ್, ಅವತ್ತು ಅಲ್ಲಿ ಪಟ್ಟಿಯೇ ಇರಲಿಲ್ಲ ಅಂತ. ತಂದಿದ್ದ ಹಣ್ಣಿನ ಕವರ್ ಅಲ್ಲಿಟ್ಟು ಎದ್ದು ಬಂದೆ. ಕಳ್ಳಿಯ ಹಾಗೆ.

ಆ ಎರಡು ವಾರ ನಾನು ಅಂಕಣ ಬರೆಯಲಿಲ್ಲ. ಅನುವಾದ ಮಾತ್ರ ಮಾಡಿದೆ. ಅದರಲ್ಲಿ ಇನ್ನೊಂದು ಒಪ್ಪಂದದ ವಿಚಾರ ಬಂತು. ರಸ್ತೆಯ ಮೇಲೆ ಅಡ್ಡಿಯಾಗುವಂಥದ್ದನ್ನು ಹಾಕಬೇಡಿ. ಹಾಕುವಂತಾದರೆ ಬೇಗ ತೆಗೆಯಿರಿ. ತಕ್ಷಣ ತೆಗೆಯಲಾಗದಿದ್ದರೆ, ಬರುವವರಿಗೆ ಎಚ್ಚರಿಕೆ ಕೊಡಿ. ಇಷ್ಟೇ ಅದರ ಸಾರ. ಇಷ್ಟನ್ನು ಹೇಳಲು ಪ್ರಪಂಚದವರೆಲ್ಲ ಸೇರಿ ಕಾನೂನು ಬರೆಯಬೇಕಾಯಿತೇ ಅಂತ ಬೇರೆ ದಿನವಾಗಿದ್ದರೆ ನಿಮ್ಮೊಂದಿಗೆ ತಮಾಷೆ ಮಾಡುತ್ತಿದ್ದೆ.

ಈಗ ಅರ್ಥವಾಗುತ್ತದೆ. ಬರೆಯಲೇಬೇಕು. ಯಾಕೆಂದರೆ ನಮಗೆ ನಮ್ಮ ರಸ್ತೆಯವರು ಮಾತ್ರ ಕಾಣುತ್ತಾರೆ. ಹಂಪ್ ಹಾಕುವಾಗ ನಾವು ಅಜ್ಜಿಯ ಕೈ ನೆನೆದೆವು, ನಮ್ಮ ಮಕ್ಕಳನ್ನು ನೆನೆದೆವು. ನಮಗೆಲ್ಲ ಹಂಪ್ ಎಲ್ಲಿದೆ ಅಂತ ಗೊತ್ತಿತ್ತು. ನಾವು ಗಾಡಿ ಸ್ಲೋ ಮಾಡುತ್ತಿದ್ದೆವು. ಗೊತ್ತಿಲ್ಲದವರು ಬರುತ್ತಾರೆ ಅನ್ನುವುದು ಒಬ್ಬರ ತಲೆಗೂ ಹೋಗಲಿಲ್ಲ. ಒಪ್ಪಂದ ಅಂದರೆ ಮುಖ ನೋಡದ ಯಾರಿಗೋ ಮೊದಲೇ ಕೊಟ್ಟಿರುವ ಮಾತು. ಚಿಹ್ನೆ ಹಾಕಿ ಎಚ್ಚರಿಸುತ್ತೇವೆ ಅಂತ ನಮ್ಮ ದೇಶ ಮಾತು ಕೊಟ್ಟಿದೆ. ನಮ್ಮ ರಸ್ತೆ ಉಳಿಸಿಕೊಳ್ಳಲಿಲ್ಲ. ಇದರಲ್ಲಿ ಸರ್ಕಾರವನ್ನು ಬೈದು ಪಾರಾಗೋಣವೆಂದರೆ, ರಂಗೋಲಿ ಡಬ್ಬಿ ಹಿಡಿದು ನಿಂತವಳು ನಾನು.

ಕಳೆದ ಸೋಮವಾರ ನಂಜುಂಡಣ್ಣನಿಗೆ ಹೇಳಿದೆ. "ಸ್ಟೇಷನ್‌ಗೆ ಹೋಗಿ ಬರ್ಕೊಡ್ತೀನಿ ನಂಜುಂಡಣ್ಣ. ಹಂಪ್ ನಾವೇ ಹಾಕಿದ್ದು, ಬಣ್ಣ ಆಮೇಲೆ ಹಚ್ಚಿದ್ದು ಅಂತ."

"ಎಲ್ರೂ ನಿಂತು ನೋಡ್ತಿದ್ರು, ಕಾರ್ ತೆಗ್ದೋನು ನಾನು ಕಣಮ್ಮ" ಅಂದರು. "ಸೀಟ್ ಮೇಲಿನ ರಕ್ತ ನನ್ ಹೆಂಡ್ತಿ ತೊಳೆದ್ಲು. ಈಗ ನನ್ನನ್ನೇ ಸಿಕ್ಕಿಸ್ತೀಯಾ?"

"ನನ್ ಹೆಸ್ರೂ ಬರೀತೀನಿ."

"ನಿನ್ ಹೆಸ್ರು ಕಟ್ಕೊಂಡು ನಾನೇನ್ ಮಾಡ್ಲಿ?"

ಅವರ ಸಿಟ್ಟು ತಪ್ಪು ಅಂತ ನಾನು ಹೇಳಲಾರೆ. ಅವರು ಕೆಟ್ಟವರಲ್ಲ. ನಾವ್ಯಾರೂ ಅಲ್ಲ. ನನ್ನ ಸಂಕಟವೇ ಅದು. ಕೆಟ್ಟವರೊಬ್ಬರು ಇದ್ದಿದ್ದರೆ ಈ ಅಂಕಣ ಎಷ್ಟು ಸುಲಭವಾಗಿರುತ್ತಿತ್ತು!

ಮಂಗಳವಾರ ಸ್ಟೇಷನ್‌ಗೆ ಹೋದೆ. ಸಬ್‌ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವರು. ನನ್ನ ಮಾತು ಪೂರ್ತಿ ಕೇಳಿ ಪೆನ್ನು ಕೆಳಗಿಟ್ಟರು. "ಮೇಡಂ, ಇನ್ನೊಂದ್ಸಲ ಯೋಚ್ನೆ ಮಾಡಿ. ಬರ್ಕೊಟ್ರೆ ನಿಮ್ ಮೇಲೂ ಬರತ್ತೆ. ಮಹಜರಿಗೆ ಸಹಿ ಬೇರೆ ಹಾಕಿದೀರ."

"ಗೊತ್ತು ಸಾರ್."

"ಇದ್ರಿಂದ ಅವ್ರ ಕೇಸ್ ಬಿದ್ದೋಗತ್ತೆ ಅಂತ ನಾನ್ ಹೇಳಲ್ಲ. ಕೋರ್ಟ್ ನೋಡತ್ತೆ."

ಎರಡು ಪುಟ ಬರೆದೆ. ಹಂಪ್ ಹಾಕಿದ ದಿನ, ಎತ್ತರ ಮಾಡಿಸಿದ್ದು, ಬಣ್ಣ ಹಚ್ಚಿಸಿದ ದಿನ, ಎಲ್ಲ. ಪೇಂಟರ್ ಬಂದ ಬೆಳಗಿನ ವಾಟ್ಸಾಪ್ ಮೆಸೇಜನ್ನೂ ಪ್ರಿಂಟ್ ಮಾಡಿಸಿ ಲಗತ್ತಿಸಿದೆ. ಸಂಜೆ ಹೊತ್ತಿಗೆ ರಸ್ತೆಯ ಗ್ರೂಪಿನಿಂದ ನನ್ನನ್ನು ತೆಗೆದಿದ್ದರು.

ಸ್ಟೇಷನ್‌ನಿಂದ ನಾನು ನೇರ ಬಸವರಾಜನ ಮನೆಗೆ ನಡೆದಿದ್ದೆ. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದೆ. ಹಂಪ್ ಹಾಕಿದ್ದು ನಾವು, ಗೆರೆ ಎಳೆದದ್ದು ನಾನು, ನೀವು ಬಂದ ಸಂಜೆ ಅದರ ಮೇಲೆ ಬಣ್ಣದ ಒಂದು ಹನಿಯೂ ಇರಲಿಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆ. ಹೊಡೆದರೂ ಸರಿ ಅಂತ ಹೋಗಿದ್ದೆ. ಅವರು ಗೋಡೆಗೆ ಒರಗಿ ಕುಸಿದು ಕೂತರು.

"ಇರಲಿಲ್ಲೇನ್ರಿ?" ಅಂದರು. ಮತ್ತೆ, "ಖರೇನ ಇರಲಿಲ್ಲ?"

"ಇರಲಿಲ್ಲ."

"ಇಷ್ಟ ದಿನಾ ನಾ ಮಗಳ ಮಾರಿ ನೋಡಿಲ್ರಿ ಅಕ್ಕಾರ. ಅಪ್ಪ ನೋಡದs ಗಾಡಿ ಹೊಡದ, ಅದಕ್ಕs ಅವ್ವ ಸತ್ಲು ಅಂತ ಮಂದಿ ಆಕಿ ಮುಂದs ಅಂದಾರ. ನಾನೂ ಹೌದು ಅಂದೀನಿ." ಕಣ್ಣು ಒರೆಸಿಕೊಂಡು ಮಗಳನ್ನು ಕರೆದರು. "ಅಕ್ಷತಾ, ಬಾ ಇಲ್ಲಿ. ಇನ್ನೊಮ್ಮೆ ಹೇಳ್ರಿ ಅಕ್ಕಾರ. ಆಕಿಗೆ ಹೇಳ್ರಿ."

ಹುಡುಗಿ ಬಂದು ಅಪ್ಪನ ಪಕ್ಕ ನಿಂತಳು. ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಸಣ್ಣ ಸಣ್ಣ ಮಾತಿನಲ್ಲಿ ಹೇಳಿದೆ. ನಿಮ್ಮಪ್ಪನ ತಪ್ಪಲ್ಲ ಪುಟ್ಟಾ. ಅಲ್ಲಿ ಬಿಳಿ ಪಟ್ಟಿ ಇರಲಿಲ್ಲ. ಅವ್ವ ಬಿದ್ದ ಮಾರನೇ ದಿನ ನಾವು ಹಚ್ಚಿದ್ದು. ಅವಳು ಅಪ್ಪನ ಮುಖ ನೋಡಿದಳು. ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಗೊತ್ತಾಗದ ಲೆಕ್ಕವನ್ನು ಟೀಚರ್ ಹತ್ತಿರ ಕೇಳುವಷ್ಟೇ ಸಹಜವಾಗಿ ಕೇಳಿದಳು.

"ಆಂಟಿ, ಮತ್ತ ಅವ್ವ ಬೀಳೂಕ್ಕಿಂತ ಮೊದ್ಲs ಯಾಕ ಹಚ್ಚಲಿಲ್ಲ?"